ನಲವತ್ತನೆಯ ಹೆಬ್ಬೆಟ್ಟು

ಎಷ್ಟು ಉಜ್ಜಿದರೂ ಎಡಗೈ ಹೆಬ್ಬೆಟ್ಟಿನ ನೀಲಿ ಹೋಗಲಿಲ್ಲ. ಸಕ್ಕುಬಾಯಿ ಸಾಬೂನು ಹಚ್ಚಿದಳು, ಬೂದಿ ಹಚ್ಚಿದಳು, ಕೊನೆಗೆ ತನ್ನ ಸೆರಗನ್ನೇ ನೀರಿಗೆ ಅದ್ದಿ ತಿಕ್ಕಿದಳು. ನಲವತ್ತೆಂಟು ವರ್ಷ ಸಂಸಾರ ಮಾಡಿದ ಗಂಡನ ಕೈ ಅದು. ಉಳ್ಳಾಗಡ್ಡಿಯ ಚೀಲ ಎತ್ತಿ ಎತ್ತಿ ಗಟ್ಟಿಯಾದ ಒಂದೊಂದು ಗಂಟೂ ಅವಳಿಗೆ ಗೊತ್ತಿತ್ತು. ಈ ನೀಲಿ ಮಾತ್ರ ಗೊತ್ತಿರಲಿಲ್ಲ.

"ಬಿಡವ್ವಾ," ಎಂದ ನೀರು ಹಾಕುತ್ತಿದ್ದ ಮಗ ದೇವಾನಂದ. "ದವಾಖಾನ್ಯಾಗ ಯಾವುದಕ್ಕರ ಹಚ್ಚಿರ್ತಾರ. ಓಟ್ ಹಾಕಿ ಹೋಗ್ಯಾನಂತ ತಿಳಕೋ."

"ಓಟಿನ ಮಸಿ ತೋರಬಟ್ಟಿಗಿ ಹಚ್ತಾರ. ನನಗೇನ್ ಗೊತ್ತಿಲ್ಲೇನು?" ಎಂದು ಅವಳು ಮತ್ತೆ ಉಜ್ಜಿದಳು.

ಗಂಡ ಅವ್ವಣ್ಣ ತೀರಿಕೊಂಡದ್ದು ನಿನ್ನೆ ಮಧ್ಯಾಹ್ನ. ದೇಹ ಮನೆಗೆ ಬಂದದ್ದು ಇಂದು ಬೆಳಿಗ್ಗೆ. ನಡುವಿನ ಹೊತ್ತಿನಲ್ಲಿ ಆಸ್ಪತ್ರೆಯ ಕಾಗದಗಳಿಗೆಲ್ಲ ಓಡಾಡಿದವನು ನ್ಯಾಯಸಹಾಯ ಕೇಂದ್ರದ ಗುಮಾಸ್ತ ದಿಗಂಬರ. ಶವಾಗಾರದ ಒಳಕ್ಕೂ ಅವನೇ ಹೋಗಿ ಬಂದಿದ್ದ. ಮನೆಯವರಿಗೆ ಚಹಾ ಕೊಡಿಸಿದ್ದ. ಭಾಳ ಒಳ್ಳೆಯ ಮನುಷ್ಯ ಎಂದು ಸಕ್ಕುಬಾಯಿ ರಾತ್ರಿಯೆಲ್ಲ ಅಂದುಕೊಂಡಿದ್ದಳು.

ನೀಲಿ ಉಳಿದುಕೊಂಡಿತು. ರೂಢಿಯಂತೆ ಕಾಲಿನ ಹೆಬ್ಬೆರಳುಗಳನ್ನು ಒಂದು ದಾರದಿಂದಲೂ ಕೈಯ ಹೆಬ್ಬೆಟ್ಟುಗಳನ್ನು ಇನ್ನೊಂದು ದಾರದಿಂದಲೂ ಜೋಡಿಸಿ ಕಟ್ಟಿ, ಮೇಲೆ ಬಿಳಿಯ ಬಟ್ಟೆ ಹೊದಿಸಿದರು.

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಆ ಓಣಿಯಲ್ಲಿ ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು. ಅದರಿಂದ ಹತ್ತು ಹೆಜ್ಜೆಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪುನೀತ ಎಂಬ ತರುಣ ಕೂತಿದ್ದ. ಬೆಂಗಳೂರಿನವನು. ನ್ಯಾಯಸಹಾಯ ಕೇಂದ್ರದ ಕೆಲಸ ಹೇಗೆ ನಡೆದಿದೆಯೆಂದು ಅಳೆದು ವರದಿ ಕೊಡಲು ದಿಲ್ಲಿಯ ಸರ್ಕಾರ ಗೊತ್ತುಮಾಡಿದ ಸಂಸ್ಥೆಯ ನೌಕರ. ಅವನ ಮೊಣಕಾಲ ಮೇಲೆ ಕಡತ, ಕಡತದ ಮೇಲೆ ಶಾಯಿಯ ಡಬ್ಬಿ. ನಲವತ್ತು ಫಲಾನುಭವಿಗಳ ಅಭಿಪ್ರಾಯ ಬೇಕಿತ್ತು. ವಾರವೆಲ್ಲ ತಿರುಗಿ ಮೂವತ್ತೊಂದು ಸಿಕ್ಕಿದ್ದವು. ಇಂದು ಕಡೆಯ ದಿನ. ಉಳಿದವರು ಈ ಹೊತ್ತು ಎಲ್ಲಿ ಒಟ್ಟಿಗೆ ಸಿಗುತ್ತಾರೆಂದು ಲೆಕ್ಕ ಹಾಕಿ ಅವನನ್ನು ಇಲ್ಲಿಗೆ ಕರೆತಂದವಳು ಕೇಂದ್ರದ ಮುಖ್ಯಸ್ಥೆ, ವಕೀಲೆ ನೀಲಿಮಾ. ಅವಳು ಬರುವಾಗ ಒಂದು ಹೂಮಾಲೆಯನ್ನೂ ತಂದಿದ್ದಳು.

"ಸ್ಮಶಾನದ ಪಾಸಿಗೇನ್ರಿ ಇದು?" ಎಂದು ಮುದುಕ ಹಮಾಲನೊಬ್ಬ ದಿಗಂಬರನನ್ನು ಕೇಳಿದ.

"ಹಾಂ, ಹಾಂ, ಪಾಸ್," ಎಂದ ದಿಗಂಬರ. ಮುದುಕನ ಕನ್ನಡದಲ್ಲಿ ಅವನಿಗೆ ತಿಳಿದದ್ದು ಆ ಒಂದು ಮಾತು, ಅದೂ ಕನ್ನಡದ್ದಲ್ಲ.

ಅಷ್ಟು ಸಾಕಾಯಿತು. ಅವ್ವಣ್ಣನ ದಹನದ ಪಾಸಿಗೆ ಸಾಕ್ಷಿಯಾಗುವುದು ಪುಣ್ಯದ ಕೆಲಸವೆಂದು ಜನ ಸಾಲುಗಟ್ಟಿದರು. ಹೆಣಕ್ಕೆ ಹೂ ಹಾಕಿ ಬಂದ ಕೈಯನ್ನೇ ಶಾಯಿಗೆ ಒತ್ತಿದರು. ಸಾಲು ಮುಗಿದಾಗ ಎಂಟು ಹೆಚ್ಚಿದ್ದವು. ಮೂವತ್ತೊಂಬತ್ತು.

ನಲವತ್ತನೆಯವಳು ಗೌರಾಬಾಯಿ. ಅವಳು ಸಾಲಿಗೆ ಬಂದಿರಲಿಲ್ಲ. ಗೋಡೆಗೆ ಒರಗಿ, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

*

ನ್ಯಾಯಸಹಾಯ ಯೋಜನೆಯ ನಿಯಮದಲ್ಲಿ ತಪ್ಪಿರಲಿಲ್ಲ. ಮರಾಠಿ ಬಾರದ ಕನ್ನಡದ ಕೂಲಿಕಾರನ ಹೇಳಿಕೆಯನ್ನು ಅವನ ಭಾಷೆಯಲ್ಲಿ ಕೇಳಬೇಕು, ಮರಾಠಿಯಲ್ಲಿ ಬರೆಯಬೇಕು, ಮತ್ತೆ ಅವನ ಭಾಷೆಯಲ್ಲಿ ಓದಿ ಹೇಳಬೇಕು, ಆಮೇಲೆ ಹೆಬ್ಬೆಟ್ಟು. ಇದಕ್ಕಾಗಿ ಒಬ್ಬ ದುಭಾಷಿಯ ಹುದ್ದೆಯಿತ್ತು. ಆರು ವರ್ಷಗಳಲ್ಲಿ ಆ ಹುದ್ದೆಗೆ ಒಬ್ಬನೂ ಬರಲಿಲ್ಲ. ಬಾಗಿಲ ಮೇಲೆ ಮಾತ್ರ ಎರಡು ಭಾಷೆಯ ಫಲಕವಿತ್ತು.

ಕೇಂದ್ರದ ಎದುರಿನ ಚಹಾದಂಗಡಿಯ ಬಾಕಿನ ಮೇಲೆ ಅವ್ವಣ್ಣ ಕೂರುತ್ತಿದ್ದ. ಕಲಬುರ್ಗಿ ಕಡೆಯಿಂದ ಹದಿನೆಂಟರ ಹರೆಯದಲ್ಲಿ ಬಂದವನು. ಮಂಡಿ ಸೋಲುವವರೆಗೆ ಹಮಾಲಿ ಮಾಡಿದವನು. ಏಳನೆಯ ಇಯತ್ತೆಯ ತನಕ ಓದಿದ ಕನ್ನಡವನ್ನು ಊರಿನಿಂದ ತಂದಿದ್ದ, ಮರಾಠಿಯನ್ನು ಲಾರಿಗಳ ಹಲಗೆಗಳಿಂದ ಓದಿ ಕಲಿತಿದ್ದ. ಅವನನ್ನು ಅಲ್ಲಿ ಕೂರಿಸಿದವರು ಯಾರೂ ಇಲ್ಲ. ಕಾಗದ ಹಿಡಿದು ಕಂಗಾಲಾಗಿ ಬಂದವರನ್ನು ಅವನೇ ಕೂಗಿ ಕರೆಯುತ್ತಿದ್ದ.

ಅವನ ಕ್ರಮ ಮಾರ್ಕೆಟ್ಟಿನದು. ಅಲ್ಲಿ ಲಾರಿ ತುಂಬಿದ ಮೇಲೆ ಒಬ್ಬ ಚೀಲಗಳ ಎಣಿಕೆ ಹೇಳುತ್ತಾನೆ, ಇನ್ನೊಬ್ಬ ತಾನೇ ಎಣಿಸಿ ತಿರುಗಿ ಹೇಳುತ್ತಾನೆ. ಎರಡೂ ಒಂದಾದರೆ ಲಾರಿ ಬಿಡಬೇಕು. ಅವ್ವಣ್ಣ ಕಾಗದವನ್ನು ಮನಸ್ಸಿನಲ್ಲಿ ಒಮ್ಮೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿ, "ಈಗ ನೀ ನನಗ ತಿರುಗಿ ಹೇಳು," ಎನ್ನುತ್ತಿದ್ದ. ಅದು ತಾಳೆಯಾಗದ ಹೊರತು ಹೆಬ್ಬೆಟ್ಟಿಗೆ ಶಾಯಿ ಇಲ್ಲ.

ಗೌರಾಬಾಯಿ ಅವನ ಬಳಿ ಬಂದದ್ದು ತಡವಾಗಿ. ಗಂಡ ಸಂಕಪ್ಪ ಕಟ್ಟುತ್ತಿದ್ದ ಕಟ್ಟಡದ ಏಳನೆಯ ಮಾಳಿಗೆಯಿಂದ ಬಿದ್ದು ಸತ್ತಿದ್ದ. ಕೇಂದ್ರದಲ್ಲಿ ದಿಗಂಬರ ಅವಳ ಹೇಳಿಕೆ ಬರೆದುಕೊಂಡಿದ್ದ. ಅವಳು ಅರ್ಧ ತಾಸು ಹೇಳಿದ್ದಳು, ಅವನು ಅರ್ಧ ತಾಸು ತಲೆಯಾಡಿಸಿದ್ದ, ಅವಳು ಹೆಬ್ಬೆಟ್ಟು ಒತ್ತಿದ್ದಳು. ಆರು ತಿಂಗಳ ಮೇಲೆ ಅದರ ಪ್ರತಿಯನ್ನು ಅವ್ವಣ್ಣ ಓದಿದ. ಆಮೇಲೆ, "ಮೊದಲು ನೀ ಹೇಳು," ಎಂದ.

"ಸನಿವಾರರೀ ಕಾಕಾ. ಮುಕಾದಮ ಮ್ಯಾಲ ಹತ್ತು ಅಂದ. ಸೊಂಟಕ್ಕ ಬೆಲ್ಟ್ ಕೊಡಲಿಲ್ಲ."

"ಇದರಾಗ ಐತವಾರ, ಸೂಟಿ ದಿನ, ಅಂತದ. ಕುಡದು, ಯಾರೂ ಹೇಳದ, ತಾನಾ ಏರಿದಾ ಅಂತದ."

"ಸೆರೀ ವಾಸನೀನ ಆಗ್ತಿದ್ದಿಲ್ಲರೀ ಅವನಿಗಿ!" ಅವಳು ಕಾಗದದ ಕೆಳಗಿದ್ದ ತನ್ನದೇ ಗುರುತನ್ನು ನೋಡಿದಳು. "ಈ ಬಟ್ಟ ಕಡದು ಒಗೀಲೇನ್ರಿ?"

"ಬಟ್ಟಿಂದೇನ್ ತಪ್ಪವ್ವಾ? ಬರದವನ ಕೈ ಹಂಗೇ ಅದ."

ಅವ್ವಣ್ಣ ತಕರಾರು ಅರ್ಜಿ ಬರೆದ. ಹೇಳಿಕೆ ಪಡೆದ ದಿನ ಕೇಂದ್ರದಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ, ಆದ್ದರಿಂದ ಆ ಹೇಳಿಕೆ ಈಕೆಯದಲ್ಲ. ಕೆಳಗೆ ತನ್ನ ಸಹಿ ಮಾಡಿದ. ಅವನ ಸಹಿ ಎರಡು ಸಾಲಿನದು: ಮೇಲೆ ಕನ್ನಡದಲ್ಲಿ, ಅದರಡಿಯಲ್ಲಿ ಮರಾಠಿಯಲ್ಲಿ. ಬರುವ ಗುರುವಾರ ಕೇಂದ್ರ ಅದಕ್ಕೆ ಉತ್ತರ ಕೊಡಬೇಕೆಂದು ಕಾರ್ಮಿಕ ನ್ಯಾಯಾಲಯ ಹೇಳಿತ್ತು. ಸಂಕಪ್ಪ ಕೆಲಸದಲ್ಲಿ ಸತ್ತನೋ ಕುಡಿದು ಸತ್ತನೋ ಎಂಬುದು ಆ ಉತ್ತರದ ಮೇಲೆ ನಿಂತಿತ್ತು.

ಹೋದ ತಿಂಗಳು ನೀಲಿಮಾ ತಾನೇ ಬಾಕಿನವರೆಗೆ ಬಂದಿದ್ದಳು. ಅರ್ಜಿ ಹಿಂತೆಗೆದುಕೊಂಡರೆ ದುಭಾಷಿಯ ಹುದ್ದೆ ಅವನಿಗೇ, ಅದೂ ಆರು ವರ್ಷ ಹಿಂದಿನ ತಾರೀಖಿನಿಂದ ಎಂದಿದ್ದಳು. ಅವ್ವಣ್ಣ ಬಸಿಯಲ್ಲಿದ್ದ ಚಹಾ ಮುಗಿಸಿ, ಶುದ್ಧ ಮರಾಠಿಯಲ್ಲಿ, "ಹಿಂದಿನ ತಾರೀಖಿಗೆ ನಾನು ಎಲ್ಲಿದ್ದೆ ಎನ್ನುವುದು ನನಗೆ ಗೊತ್ತಿದೆ, ಬಾಯಿಸಾಹೇಬ," ಎಂದಿದ್ದ.

*

"ಸಾರಿ ಅಮ್ಮ, ಟೈಮ್ ಸರಿ ಇಲ್ಲ ಅಂತ ಗೊತ್ತು. ನಿಮ್ದೊಂದೇ ಬಾಕಿ," ಎಂದ ಪುನೀತ, ಗೋಡೆಯ ಬಳಿಗೇ ಕಡತ ತಂದು.

"ಓದಿ ಹೇಳ್ರಿ," ಎಂದಳು ಗೌರಾಬಾಯಿ.

"ತುಂಬಾ ಉದ್ದ ಇದೆ. ಹದಿನೆಂಟು ಪ್ರಶ್ನೆ."

"ಹೆಣ ಇನ್ನಾ ಎದ್ದಿಲ್ಲ. ಟೈಮ ಅದ."

ಪುನೀತ ಓದಿದ. "'ಫಲಾನುಭವಿಯು ದ್ವಿಭಾಷಾ ಸೇವೆಗಳ ಲಭ್ಯತೆಯ ಕುರಿತಂತೆ ಸಂತೃಪ್ತಿಯನ್ನು ವ್ಯಕ್ತಪಡಿಸಿರುತ್ತಾರೆ.'"

"ಇದನ್ನ ಈಗ ಮನಷ್ಯಾರ ಮಾತಿನ್ಯಾಗ ಹೇಳ್ರಿ."

ಪಕ್ಕದಲ್ಲಿದ್ದ ಹೆಂಗಸರು ಅಳುವುದನ್ನು ನಿಲ್ಲಿಸಿ ಇತ್ತ ತಿರುಗಿದರು.

"ನಿಮಗೆ ಖುಷಿಯಾಗಿದೆ ಅಂತ ಅಮ್ಮ."

"ಖುಷಿ? ಮುಂದಿಂದು ಓದ್ರಿ."

ಹನ್ನೊಂದನೆಯ ಪ್ರಶ್ನೆಗೆ ಅವಳು ಅವನನ್ನು ತಡೆದಳು. ಕೇಂದ್ರದ ದುಭಾಷಿ ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಿದ ಮೇಲೆಯೇ ತಾನು ಹೆಬ್ಬೆಟ್ಟು ಒತ್ತಿದ್ದಾಗಿ ಅದರಲ್ಲಿತ್ತು.

"ಯಾವ ದುಭಾಷಿ?"

"ಇವರೇ ಅಲ್ವಾ, ಅವ್ವಣ್ಣನವರು?" ಅವಳನ್ನು ಒಪ್ಪಿಸುವ ಆತುರದಲ್ಲಿ ಪುನೀತ ಕಡತದ ಮೊದಲ ಹಾಳೆಗೆ ಹೋದ. "ನೋಡಿ, ಅವರ ಪ್ರಮಾಣಪತ್ರಾನೇ ಇದೆ. ಆರು ವರ್ಷದಿಂದ ನಾನೇ ದುಭಾಷಿ, ಎಲ್ಲರ ಹೇಳಿಕೇನೂ ಓದಿ ಹೇಳಿದೀನಿ, ಗೌರಾಬಾಯಿಯವರ ತಕರಾರು ಅರ್ಜಿ ತಪ್ಪು ತಿಳುವಳಿಕೆಯಿಂದ ಬರೆದದ್ದು ಅಂತ. ಕೆಳಗೆ ಹೆಬ್ಬೆಟ್ಟು ಹಾಕಿದ್ದಾರೆ."

ಗೌರಾಬಾಯಿಗೆ ಅಕ್ಷರ ಬಾರದು. ಹೆಬ್ಬೆಟ್ಟು ಗೊತ್ತಿತ್ತು.

"ಕಾಕಾ ಬಟ್ಟ ಒತ್ತತಿದ್ದಿಲ್ಲ," ಎಂದಳು ಮೆಲ್ಲಗೆ. "ಕಾಕಾ ಸಹಿ ಮಾಡ್ತಿದ್ದ. ಎರಡು ಸಾಲಿಂದು."

ಓಣಿಯಲ್ಲಿ ಬಿದಿರು ಕಟ್ಟುವ ಸದ್ದು ನಿಂತಿತು. ಸಕ್ಕುಬಾಯಿ ಎದ್ದು ಬಂದು ಆ ಹಾಳೆಯನ್ನು ನೋಡಿದಳು. ಮತ್ತೆ ಒಳಗೆ ಹೋಗಿ, ಬಟ್ಟೆ ಸರಿಸಿ, ತಾನೇ ಕಟ್ಟಿದ ದಾರವನ್ನು ಹಲ್ಲಿನಿಂದ ಕಡಿದು, ಗಂಡನ ಎಡಗೈಯನ್ನು ಹೊರಗೆ ತೆಗೆದಳು.

"ಬರ್ರಿ ಸಾಹೇಬ್ರ. ತಾಳೆ ಹಚ್ಚಿ ನೋಡ್ರಿ."

ಪುನೀತ ಹೋಗಲಿಲ್ಲ. ನಿಂತಲ್ಲಿಂದಲೇ ಆ ನೀಲಿ ಅವನಿಗೆ ಕಾಣುತ್ತಿತ್ತು.

ದೇವಾನಂದ ಆಸ್ಪತ್ರೆಯ ಕಾಗದ ತಂದ. ಮರಣದ ವೇಳೆ ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷ. ಪ್ರಮಾಣಪತ್ರದ ಮೇಲೆ ಕೇಂದ್ರದ ಮುದ್ರೆಯಿತ್ತು, ಮುದ್ರೆಯೊಳಗೆ ಅದೇ ತಾರೀಖು, ಸಂಜೆ ಆರು ಹತ್ತು. ದಿಗಂಬರ ಕಚೇರಿಯ ಶಿಸ್ತು ಬಿಡದವನು, ಬಂದ ಕಾಗದದ ಮೇಲೆ ಬಂದ ವೇಳೆಯನ್ನು ಹಾಕಿಯೇ ಹಾಕುತ್ತಿದ್ದ. ಆರು ವರ್ಷ ಪ್ರತಿದಿನ ಕಿಟಕಿಯಾಚೆ ಕಾಗದ ಓದುತ್ತ ಕೂತ ಮುದುಕನನ್ನು ಅವನು ನೋಡಿದ್ದ. ಆದರೂ ತಕರಾರು ಅರ್ಜಿಯ ಕೆಳಗಿನ ಸಹಿಯನ್ನು ಆ ಹಮಾಲನೇ ಮಾಡಿದ್ದೆಂದು ಅವನಿಗೆ ಹೊಳೆದಿರಲಿಲ್ಲ.

"ನಾಕೂವರಿ ತಾಸ ಆಗಿತ್ತಲ್ಲೋ, ಹಲ್ಕಟ್ಟಾ!" ಎಂದು ದೇವಾನಂದ ತಿರುಗಿದ. ದಿಗಂಬರ ಆಗಲೇ ಪುನೀತನ ಕೈಯಿಂದ ಕಡತ ಸೆಳೆದುಕೊಂಡು ಸ್ಕೂಟರಿನ ಮೇಲಿದ್ದ. ಹನ್ನೆರಡರೊಳಗೆ ಅದು ದಿಲ್ಲಿಗೆ ಹೋಗಬೇಕು, ನಿಂತು ಮಾತಾಡಲು ಪುರುಸೊತ್ತಿಲ್ಲ ಎಂದು ಮರಾಠಿಯಲ್ಲಿ ಕೂಗಿ ಹೊರಟುಹೋದ.

"ಮೇಡಂ," ಎಂದ ಪುನೀತ. ಅವಳಿಗಾಗಿ ಹಿಂದಿಗೆ ಹೊರಳಿದ. "ಇಂಟರ್‌ಪ್ರಿಟರ್ ಇದ್ರು ತಾನೇ?"

"ಇದ್ದರಲ್ಲ," ಎಂದಳು ನೀಲಿಮಾ ಹಿಂದಿಯಲ್ಲೇ, ಹೆಣದ ಕಡೆ ಗಲ್ಲ ಎತ್ತಿ. "ಎದುರಿಗೇ ಇದ್ದಾರೆ. ನೂರು ಜನ ಸಾಕ್ಷಿ."

ಗೌರಾಬಾಯಿ ಪುನೀತನ ಮುಂದೆ ಬಂದು ನಿಂತಳು. "ಗುರುವಾರ ನಂದು ಕೇಸದ. ನೀವು ಕಣ್ಣಿಲೆ ನೋಡಿರಿ. ನೋಡಿದ್ದು ಬರೀರಿ."

ಅವನು ಚೀಲದಿಂದ ಟ್ಯಾಬು ತೆಗೆದು ವರದಿಯ ಪುಟವನ್ನು ಮೇಲೆ ಸರಿಸಿದ, ಕೆಳಗೆ ಸರಿಸಿದ. "ಇದಕ್ಕೆ ಕಾಲಂ ಇಲ್ಲ ಅಮ್ಮ."

"ಇಲ್ಲಂದ್ರ?"

"ದುಭಾಷಿ ಇದ್ದರಾ, ಹೌದು, ಇಲ್ಲ. ಅಷ್ಟೇ ಇರೋದು."

"ಇಲ್ಲಂತ ಒತ್ರಿ ಹಂಗಾರ."

ಅವನು ನೀಲಿಮಾಳ ಮುಖ ನೋಡಿದ. ನಲವತ್ತರಲ್ಲಿ ಮೂವತ್ತೊಂಬತ್ತೆಂದರೆ ನೂರಕ್ಕೆ ತೊಂಬತ್ತೇಳೂವರೆ, ವರದಿಗೆ ಅಷ್ಟು ಧಾರಾಳವಾಗಿ ಸಾಕು ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿ ಕಾರಿನ ಬಾಗಿಲು ತೆಗೆದಳು. ಪುನೀತನ ಬೆರಳು ಗಾಜಿನ ಮೇಲೆ ಎಲ್ಲಿ ಬಿತ್ತೆಂಬುದು ಗೌರಾಬಾಯಿಗೆ ಕಾಣಲಿಲ್ಲ. ಅವನು ಕಾರು ಹತ್ತಿದ್ದು ಕಂಡಿತು.

ಪಾಸ್ ಎಂದು ಕೇಳಿದ್ದ ಮುದುಕ ಹಮಾಲ ತನ್ನ ಹೆಬ್ಬೆಟ್ಟನ್ನು ಕಣ್ಣಿನ ಹತ್ತಿರ ಹಿಡಿದಿದ್ದ. "ಹಂಗಾರ ನಮ್ದು ಯಾತಕ್ಕ ಒತ್ತಿಸಿಕೊಂಡ್ರು?"

ಅವನು ಕೆಳಗೆ ಉಗುಳಿ, ಚಟ್ಟದ ಮುಂದಿನ ಬಿದಿರಿಗೆ ಭುಜ ಕೊಟ್ಟ.

*

ಹೆಣದ ಮುಖವನ್ನು ತೆರೆದಿಡುವುದು ರೂಢಿ. ಚಟ್ಟದ ಮೇಲೆ ಮಲಗಿಸುವಾಗ ಸಕ್ಕುಬಾಯಿ ಎಡಗೈಯನ್ನೂ ತೆರೆದಿಟ್ಟಿದ್ದಳು. ಮುಚ್ಚಲು ಬಂದ ದೇವಾನಂದನ ಕೈಯನ್ನು ತಳ್ಳಿದ್ದಳು.

ಸ್ಮಶಾನದ ದಾರಿಯ ನಡುವೆ ಒಂದು ಕಡೆ ಚಟ್ಟ ಇಳಿಸಬೇಕು. ಹೊತ್ತವರು ಅಲ್ಲಿ ದಿಕ್ಕು ಬದಲಿಸಿ ಮತ್ತೆ ಎತ್ತುತ್ತಾರೆ. ಪುಣೆಯವರು ಅದನ್ನು ವಿಸಾವಾ ಎನ್ನುತ್ತಾರೆ. ಆ ಓಣಿಯ ಹೆಣಗಳೆಲ್ಲ ಮೂಲೆಯ ಬೇವಿನ ಮರದಡಿ ಇಳಿಯುತ್ತಿದ್ದವು. ಹೆಂಗಸರೂ ಅಲ್ಲಿಂದಲೇ ಹಿಂದಿರುಗಬೇಕು.

ಬೇವಿನ ಮರ ಬಂತು. ಗೌರಾಬಾಯಿ ಚಟ್ಟದ ಮುಂದೆ ನಡೆಯುತ್ತಿದ್ದಳು. ಅವಳು ನಿಲ್ಲಲಿಲ್ಲ.

"ಎಲ್ಲಿ ಇಳಸೋದು?" ಎಂದ ಹಿಂದಿನಿಂದ ಒಬ್ಬ.

"ಕಾಕಾ ದಿನಾ ಎಲ್ಲಿ ಕೂಡ್ತಿದ್ದ?" ಎಂದಳು ತಿರುಗಿ ನೋಡದೆ. "ಅದರ ಎದುರಿಗಿ."

ಕೇಂದ್ರದ ಒಳಗೆ ದಿಗಂಬರ ದಿಲ್ಲಿಗೆ ಕಳಿಸಲು ಹಾಳೆಗಳನ್ನು ಒಂದೊಂದಾಗಿ ಸ್ಕ್ಯಾನ್ ಯಂತ್ರಕ್ಕೆ ಕೊಡುತ್ತಿದ್ದ. ಅರ್ಧ ಮುಗಿದಿತ್ತು. ರಸ್ತೆಯ ತುಂಬ ಜನವನ್ನು ಕಂಡು ಅವನು ಎದ್ದು ಓಡಿ ಶಟರಿನ ಹಿಡಿಕೆಗೆ ಜೋತುಬಿದ್ದ. ಅದು ಧಡಧಡನೆ ಇಳಿಯುವ ಹೊತ್ತಿಗೆ ಹಮಾಲರು ಬಾಗಿದರು. ಲಾರಿಯಿಂದ ಚೀಲ ಇಳಿಸುವ ಲೆಕ್ಕದಲ್ಲಿಯೇ, ಆತುರವಿಲ್ಲದೆ, ಒಂದೇ ಉಸಿರಿಗೆ, ಎರಡು ಭಾಷೆಯ ಫಲಕದ ಕೆಳಗೆ, ಹೊಸ್ತಿಲ ಮೇಲೆ ಚಟ್ಟ ಇಳಿಸಿದರು.

ಶಟರು ಬಿದಿರಿಗೆ ಬಡಿದು ನಿಂತಿತು. ದಿಗಂಬರ ಒಳಗಿನಿಂದ ಮತ್ತೆ ಮತ್ತೆ ಒತ್ತಿದ. ಬಿದಿರು ಗಟ್ಟಿಯಿತ್ತು. ಹೊಸ್ತಿಲಿಗೂ ಶಟರಿಗೂ ನಡುವೆ ಒಂದೂವರೆ ಗೇಣು ಉಳಿಯಿತು. ಆ ಸಂದಿನೊಳಗೆ, ಗುಮಾಸ್ತನ ಚಪ್ಪಲಿಗಳ ಹತ್ತಿರ, ಅವ್ವಣ್ಣನ ಎಡಗೈ ಚಟ್ಟದಿಂದ ಜಾರಿ ಅಂಗಾತವಾಗಿ ಬಿದ್ದಿತ್ತು, ಹೆಬ್ಬೆಟ್ಟು ಮೇಲಾಗಿ.