ಪ್ಯೂಮೊರೆಲ್‌ನ ಓಣಿಗಳಿಗೆ ಹೆಸರಿಟ್ಟದ್ದು

ಜಿಲ್ಲಾ ಕಚೇರಿಯಿಂದ ಬಂದ ಕಾಗದವನ್ನು ಮೇಯರ್ ರೆಜಿಸ್ ಫಾಬ್ರೆಗ್ ಮೂರು ವಾರ ಟ್ರ್ಯಾಕ್ಟರಿನ ಸೀಟಿನಡಿ ಇಟ್ಟುಕೊಂಡು ತಿರುಗಿದ. ನಾಲ್ಕನೆಯ ವಾರ, ಇದು ತನ್ನೊಬ್ಬನಿಂದ ಆಗುವ ಕೆಲಸವಲ್ಲ ಎಂದು ಖಾತ್ರಿಯಾಗಿ, ಓಡಿಲ್ ವೆರ್ನ್‌ಳ ಅಡುಗೆಮನೆಗೆ ಬಂದು ಅದನ್ನು ಮೇಜಿನ ಮೇಲೆ ಹರವಿದ.

"ಓದು," ಅಂದ. "ಊರಿನ ಪ್ರತಿ ಓಣಿಗೂ ಹೆಸರಿರಬೇಕಂತೆ, ಪ್ರತಿ ಮನೆಗೂ ನಂಬರು. ಇಲ್ಲದಿದ್ರೆ ಆಂಬುಲೆನ್ಸಿಗೆ ದಾರಿ ಸಿಗಲ್ವಂತೆ, ಇಂಟರ್ನೆಟ್ ತಂತೀನೂ ಎಳೆಯಲ್ವಂತೆ."

"ನೂರ ನಲವತ್ತೆರಡು ಜನಕ್ಕೆ?"

"ನೂರ ನಲವತ್ತೊಂದು. ಮೊನ್ನೆ ಪೊನ್ಸೊ ಮುದುಕ ಹೋದನಲ್ಲ."

ಓಡಿಲ್‌ಗೆ ಎಪ್ಪತ್ತೆರಡು. ಮೂವತ್ತನಾಲ್ಕು ವರ್ಷ ಆ ಊರಿನಲ್ಲಿ ಅಂಚೆ ಹಂಚಿದವಳು. ಅವಳಿಗಿಂತ ಮುಂಚೆ ಅವಳ ಅಪ್ಪ ಹಂಚಿದ್ದ. ಲಕೋಟೆಯ ಮೇಲೆ 'ಫಾಬ್ರೆಗ್, ಪ್ಯೂಮೊರೆಲ್' ಎಂದಿದ್ದರೆ ಸಾಕಾಗುತ್ತಿತ್ತು. ಊರಿನಲ್ಲಿ ಒಂಬತ್ತು ಮನೆ ಫಾಬ್ರೆಗ್‌ಗಳಿದ್ದರೂ, ಬರೆದವರ ಕೈಬರಹ ನೋಡಿಯೇ ಅದು ಯಾವ ಫಾಬ್ರೆಗ್‌ಗೆ ಸೇರಬೇಕಾದದ್ದು ಎಂದು ಅಪ್ಪನಿಗೂ ತಿಳಿಯುತ್ತಿತ್ತು, ಮಗಳಿಗೂ ತಿಳಿಯುತ್ತಿತ್ತು. ಅವಳು ನಿವೃತ್ತಳಾದ ಮೇಲೆ ಬಂದವರಿಗೆ ಆ ವಿದ್ಯೆ ಇರಲಿಲ್ಲ. ಆರು ತಿಂಗಳಿಗೊಬ್ಬರು ಬದಲಾಗುತ್ತಿದ್ದರು. ಕೈಯಲ್ಲಿ ಯಂತ್ರ ಹಿಡಿದು, ಯಂತ್ರ ಹೇಳಿದ ಕಡೆ ಗಾಡಿ ತಿರುಗಿಸಿ, ಯಾರದೋ ದನದ ಕೊಟ್ಟಿಗೆಯ ಮುಂದೆ ಪೆಚ್ಚಾಗಿ ನಿಲ್ಲುತ್ತಿದ್ದರು.

"ನೀನೇ ಹೆಸರು ಬರ್ಕೊಡು," ಅಂದ ರೆಜಿಸ್. "ಊರಿನ ಚರಿತ್ರೆ ಭೂಗೋಳ ಎಲ್ಲಾ ನಿನ್ನ ಕಾಲಲ್ಲೇ ಇದೆ. ಆಮೇಲೆ ಸಭೆಯಲ್ಲಿ ಒಪ್ಪಿಗೆ ಹಾಕಿದ್ರಾಯ್ತು. ಹತ್ತು ನಿಮಿಷದ ಕೆಲಸ."

ಆ ಹತ್ತು ನಿಮಿಷದ ಕೆಲಸ ಹತ್ತು ತಿಂಗಳು ಹಿಡಿಯಿತು.

ಪ್ಯೂಮೊರೆಲ್‌ನ ಭೂಗೋಳವೆಂದರೆ ಹೆಚ್ಚೇನಿಲ್ಲ. ಮೇಲೆ ಗುಡ್ಡದ ನೆತ್ತಿಗೆ ಚರ್ಚು, ಕೆಳಗೆ ಹೊಳೆ, ನಡುವೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆಯಂತೆ ಜೋತುಬಿದ್ದ ಮನೆಗಳು, ಅವುಗಳ ಸಂದಿಯಲ್ಲಿ ಇಪ್ಪತ್ತಮೂರು ಓಣಿ. ಯಾವ ಓಣಿಗೂ ಬೋರ್ಡು ಇರಲಿಲ್ಲವೇ ಹೊರತು ಹೆಸರು ಇಲ್ಲದಿರಲಿಲ್ಲ. ಓಡಿಲ್ ಒಂದು ವಾರ ಕೂತು, ಜನರ ಬಾಯಲ್ಲಿ ಇದ್ದದ್ದನ್ನೇ ಇದ್ದಂತೆ ಬರೆದಳು. ಪಕ್ಕದಲ್ಲಿ ಆ ಹೆಸರು ಬಂದ ಕಾರಣವನ್ನೂ ಒಂದೆರಡು ಸಾಲಿನಲ್ಲಿ ಸೇರಿಸಿದಳು. ತೋಳದ ಕಡವು. ಇಬ್ಬರು ವಿಧವೆಯರ ಮೆಟ್ಟಿಲು. ಸಗಣಿ ತಿರುವು. ಸುಳ್ಳರ ಏರು: ೧೯೦೬ರಲ್ಲಿ ಚರ್ಚಿನ ಆಸ್ತಿ ಪಟ್ಟಿ ಮಾಡಲು ಸರಕಾರದವರು ಬಂದಾಗ ಬೆಳ್ಳಿ ಬಟ್ಟಲು ಕಳುವಾಗಿದೆ ಎಂದು ಇಡೀ ಓಣಿಯೇ ಆಣೆ ಇಟ್ಟು ಹೇಳಿತ್ತು, ಬಟ್ಟಲು ಹಂದಿಗೂಡಿನ ಹುಲ್ಲಿನಡಿ ಭದ್ರವಾಗಿತ್ತು.

ತಿಂಗಳಿಗೊಂದು ಶನಿವಾರ ಬೆಳಗ್ಗೆ ಸೇರುವ ಊರ ಸಭೆಯಲ್ಲಿ ಅದನ್ನು ಓದಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಒಬ್ಬೊಬ್ಬರಿಗೂ ತಾವು ಯಾವ ಓಣಿಯಲ್ಲಿದ್ದೇವೆ ಎಂಬುದು ನೆನಪಾಯಿತು.

"ಸಗಣಿ ತಿರುವು ಅಂತ ನನ್ನ ಚೆಕ್‌ಬುಕ್ಕಿನ ಮೇಲೆ ಅಚ್ಚಾಗಬೇಕಾ?" ಎಂದ ಮೇಯರ್.

"ನಿನ್ನ ಕೊಟ್ಟಿಗೆಯಿಂದಲೇ ಅಲ್ವಾ ಆ ಹೆಸರು ಬಂದಿದ್ದು?" ಎಂದಳು ಓಡಿಲ್.

"ಬಂದಿರಬಹುದು. ಬಂದಿದ್ದನ್ನೆಲ್ಲ ಬರೆದಿಡಬೇಕು ಅಂತ ಕಾನೂನಿದೆಯಾ?"

ಆರ್ಮೆಲ್ ಕಜೊತ್ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಪೇಟೆಯ ಔಷಧದಂಗಡಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿ ಬಂದವಳು, ಊರಿನಲ್ಲಿ ಅವಳ ಮಾತಿಗೆ ಅರ್ಧ ಡಾಕ್ಟರನ ಬೆಲೆ. "ನೋಡಿ, ಓಣಿಗೆ ಇಡಬೇಕಾದ್ದು ದೊಡ್ಡವರ ಹೆಸರು. ಯುದ್ಧದಲ್ಲಿ ನಮ್ಮಜ್ಜ ಮಾಡಿದ ಕೆಲಸ ಎಲ್ಲರಿಗೂ ಗೊತ್ತು."

"ನಮ್ಮಜ್ಜಂದೂ ಗೊತ್ತು," ಎಂದ ರೆಜಿಸ್ ತಕ್ಷಣ.

"ನಮ್ಮ ಸೋದರಮಾವ ಸೇತುವೆ ಸಿಡಿಸಿದ್ದ," ಎಂದಿತು ಹಿಂದಿನ ಬೆಂಚು.

"ಯಾವ ಸೇತುವೆ ಮಾರಾಯ? ನಮ್ಮೂರಲ್ಲಿ ಇರೋದು ಒಂದು, ಅದು ಇನ್ನೂ ನಿಂತಿದೆ."

ಮೂರು ಶನಿವಾರ ಕಳೆಯುವಷ್ಟರಲ್ಲಿ ಇಪ್ಪತ್ತಮೂರು ಓಣಿಗೆ ಮೂವತ್ತೊಂದು ವೀರರು ತಯಾರಾದರು. ಆಗಿನ ಊರಿನಲ್ಲಿ ಇಷ್ಟು ಜನ ಜರ್ಮನ್ನರ ವಿರುದ್ಧ ನಿಂತಿದ್ದರೆ ಯುದ್ಧ ಎರಡು ವರ್ಷ ಮೊದಲೇ ಮುಗಿಯಬೇಕಿತ್ತು ಎಂದುಕೊಂಡಳು ಓಡಿಲ್.

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಹೆಸರು.

ಹೊಳೆದಂಡೆಯ ಬಟ್ಟೆ ಒಗೆಯುವ ಕಟ್ಟೆಯ ಹಿಂದೆ ಮುಂದೆ ದಾರಿಯಿಲ್ಲದ, ನಲವತ್ತು ಹೆಜ್ಜೆಯ ಒಂದು ಮೊಂಡು ಓಣಿ ಇದೆ. ಅದರ ತುದಿಯ ಒಂಟಿ ಮನೆಯಲ್ಲಿ ರೆಮೆದಿಯೋಸ್ ಎಂಬ ಸ್ಪೇನಿನ ಹೆಂಗಸು ಇದ್ದಳು. ೧೯೩೯ರ ಚಳಿಗಾಲದಲ್ಲಿ ತನ್ನ ದೇಶದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಬೆಟ್ಟ ದಾಟಿ ಬಂದವಳು. ಜೊತೆಗೆ ಬಂದವರೆಲ್ಲ ಎಲ್ಲೆಲ್ಲಿಗೋ ಹೋದರು, ಇವಳು ಉಳಿದಳು. ಊರಿನ ಬಟ್ಟೆ ಒಗೆದಳು, ಮೂವತ್ತೈದು ವರ್ಷ. ಊರಿಗೆ ಅವಳು 'ಸ್ಪೇನಿನವಳು' ಅಷ್ಟೆ. ಸತ್ತಾಗ ಪಾದ್ರಿ ಹೆಸರು ಕೇಳಿದರೆ ನಾಲ್ಕು ಜನ ಮುಖ ಮುಖ ನೋಡಿಕೊಂಡರು. ಓಡಿಲ್‌ಗೆ ನೆನಪಿರುವುದು ಬೂದಿ ಮತ್ತು ಸಾಬೂನಿನ ವಾಸನೆ, ಬೇಯಿಸಿದಂತೆ ಕೆಂಪಾದ ಎರಡು ಕೈ.

ಆ ಹೆಸರನ್ನೂ ಉಳಿದದ್ದನ್ನೂ ಓಡಿಲ್‌ಳ ಅಪ್ಪ ತಾನು ಸಾಯುವ ವರ್ಷ ಹೇಳಿದ. ಯುದ್ಧದಲ್ಲಿ ಜರ್ಮನ್ನರು ಆ ಸೀಮೆಯನ್ನು ಹಿಡಿದಿದ್ದ ಕಾಲದಲ್ಲಿ ಪೇಟೆಯಲ್ಲಿದ್ದ ಅವರ ಕಚೇರಿಯ ವಿಳಾಸಕ್ಕೆ ಪ್ಯೂಮೊರೆಲ್‌ನಿಂದ ಕಾಗದಗಳು ಹೋಗತೊಡಗಿದವಂತೆ. ಸಹಿ ಇರದ ಕಾಗದಗಳು. ಯಾರ ಮನೆಯ ಅಟ್ಟದಲ್ಲಿ ಯಾರು ಅಡಗಿದ್ದಾರೆ, ಯಾರು ಕದ್ದು ರೇಡಿಯೊ ಕೇಳುತ್ತಾರೆ, ಯಾರ ಮಗ ಜರ್ಮನ್ನರ ವಿರುದ್ಧ ಕಾಡು ಸೇರಿದ್ದಾನೆ ಎಂದು. ಅಪ್ಪ ಅವನ್ನು ಒಡೆದು ಓದಿ ಚೀಲದಿಂದ ತೆಗೆದುಬಿಡುತ್ತಿದ್ದ. ಆದರೆ ಸುಡುವುದೆಲ್ಲಿ? ಬೇಸಿಗೆಯಲ್ಲಿ ಅಂಚೆಮನೆಯ ಚಿಮಣಿ ಹೊಗೆಯಾಡಿದರೆ ಅದೇ ಇನ್ನೊಂದು ಕಾಗದಕ್ಕೆ ವಿಷಯ. ವರ್ಷವಿಡೀ ಒಲೆ ಉರಿಯುತ್ತಿದ್ದದ್ದು ಒಂದೇ ಮನೆಯಲ್ಲಿ. ರೆಮೆದಿಯೋಸ್ ಬಟ್ಟೆ ಕುದಿಸುವ ಹಂಡೆಯಡಿಗೆ ಅವನ್ನು ತುರುಕುತ್ತಿದ್ದಳು. ಎರಡು ವರ್ಷ. ಸಿಕ್ಕಿಬಿದ್ದಿದ್ದರೆ ಮೊದಲು ಹೋಗುತ್ತಿದ್ದವಳು ಅವಳೇ. ಒಂದು ದಿನವೂ ಇದೇನು ಎಂದು ಕೇಳಲಿಲ್ಲವಂತೆ.

ಅಪ್ಪನಿಗೆ ಕೈಬರಹ ಗೊತ್ತಿತ್ತಲ್ಲ. ರೆಜಿಸ್‌ನ ಅಜ್ಜನ ಮೇಲೆ ಮೂರು ಕಾಗದ ಹೋಗಿದ್ದವು. ಮೂರೂ ಆರ್ಮೆಲ್‌ಳ ಅಜ್ಜನ ಕೈಯವು. ಆರ್ಮೆಲ್‌ಳ ಅಜ್ಜನ ಮೇಲೆ ಒಂದು ಹೋಗಿತ್ತು, ಅದು ಪೊನ್ಸೊ ಮನೆಯಿಂದ. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಊರೇ ಸುತ್ತಿ ಬರುತ್ತಿತ್ತು. ಈಗ ಅವರ ಮೊಮ್ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಒಬ್ಬರ ತಟ್ಟೆಯ ಚೀಸು ಇನ್ನೊಬ್ಬರು ತಿನ್ನುತ್ತಾರೆ, ಹೆಣ್ಣು ಕೊಟ್ಟು ತಂದುಕೊಂಡಿದ್ದಾರೆ. ರೆಮೆದಿಯೋಸ್ ಏನು ಮಾಡಿದಳು ಎಂದು ಹೇಳಹೊರಟರೆ ಕಾಗದ ಬರೆದವರು ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಊರನ್ನು ಉಳಿಸಿದವಳ ಹೆಸರು ಹೇಳಿದರೆ ಊರು ಒಡೆಯುತ್ತದೆ.

ಆದರೂ ನಾಲ್ಕನೆಯ ಶನಿವಾರ ಓಡಿಲ್ ಬಾಯಿಬಿಟ್ಟಳು. "ಆ ಮೊಂಡು ಓಣಿಗೆ ಸ್ಪೇನಿನವಳ ಹೆಸರು ಇಡೋಣ."

"ಯಾಕೆ? ಅವಳೇನು ಮಾಡಿದ್ಲು?" ಎಂದಳು ಆರ್ಮೆಲ್.

"ಬಟ್ಟೆ ಒಗೆದಳು."

"ಬಟ್ಟೆ ಎಲ್ಲರೂ ಒಗೀತಾರೆ ಕಣೇ."

ಆ ದಿನವೇ ಕೂಗಾಟ ಜೋರಾಗಿ, ಮೇಯರ್ ಮೇಜು ಗುದ್ದಿ ತೀರ್ಮಾನ ಕೊಟ್ಟ: ಮನುಷ್ಯರ ಹೆಸರು ಒಂದೂ ಬೇಡ, ಬರೀ ಗಿಡ ಮರ ಹೂವು. ಬೋರ್ಡು ಮಾಡುವ ಕಂಪನಿಯ ಪುಸ್ತಕದಲ್ಲಿ ಪಟ್ಟಿ ಸಿದ್ಧವಾಗಿಯೇ ಇತ್ತು. ನೀಲಿ ತಗಡು, ಬಿಳಿ ಅಕ್ಷರ, ಮೂಲೆಗೊಂದು ಹೂವಿನ ಚಿತ್ರ. ಸಗಣಿ ತಿರುವು ಮಲ್ಲಿಗೆ ಬೀದಿಯಾಯಿತು. ಸುಳ್ಳರ ಏರು ಲಿಲ್ಲಿ ಹೂವಿನ ಬೀದಿಯಾಯಿತು. ಆ ಚಳಿಗೆ ಮಲ್ಲಿಗೆ ಒಂದು ವಾರವೂ ಬದುಕುವುದಿಲ್ಲ ಎಂಬುದನ್ನು ಯಾರೂ ಎತ್ತಲಿಲ್ಲ. ಮಲ್ಲಿಗೆಗೆ ಅಜ್ಜಂದಿರಿಲ್ಲ, ಅದೇ ದೊಡ್ಡ ಅನುಕೂಲ.

ಕೊನೆಗೆ ಮೊಂಡು ಓಣಿಯೊಂದೇ ಉಳಿಯಿತು, ಪುಸ್ತಕದ ಹೂವುಗಳು ಮುಗಿದವು. ಊಟದ ಹೊತ್ತಾಗಿತ್ತು, ಎಲ್ಲರೂ ಕೋಟು ಹುಡುಕುತ್ತಿದ್ದರು.

"ಬೇಗ ಏನಾದ್ರೂ ಹೇಳಿ," ಎಂದ ರೆಜಿಸ್.

"ರೆಮೆದಿಯೋಸ್," ಎಂದಳು ಓಡಿಲ್.

"ಅದೆಂಥದ್ದು?"

"ಗಿಡ. ಬೆಟ್ಟದ ಆಚೆ ಕಡೆಯಿಂದ ಬಂದಿದ್ದು. ಕಲ್ಲುಸಂದಿಯಲ್ಲೂ ಬೇರು ಬಿಡುತ್ತೆ, ಹಿಮ ಬಿದ್ರೂ ಸಾಯಲ್ಲ."

ರೆಜಿಸ್ ಆರ್ಮೆಲ್‌ಳತ್ತ ತಿರುಗಿದ. ಗಿಡಮೂಲಿಕೆಯ ವಿಷಯ ತಿಳಿದವಳು ಅವಳಲ್ಲವೇ.

"ರೆಮೆದಿಯೋಸ್ ತಾನೆ?" ಎಂದಳು ಆರ್ಮೆಲ್, ತನಗೆ ಗೊತ್ತಿಲ್ಲದ ಗಿಡ ಭೂಮಿಯ ಮೇಲೆ ಇರಬಾರದು ಎನ್ನುವ ಗತ್ತಿನಲ್ಲಿ. "ರೆಮೆದ್ ಅಂದ್ರೆ ಮದ್ದು. ಹೆಸರೇ ಹೇಳುತ್ತಲ್ಲ, ಔಷಧದ ಗಿಡ. ಲಿವರಿಗೆ ಒಳ್ಳೇದು. ಅಂಗಡಿಯಲ್ಲಿ ನಾವೇ ಮಾರ್ತಿದ್ವಿ."

ಸರ್ವಾನುಮತದಿಂದ ಪಾಸಾಯಿತು.

ಏಪ್ರಿಲ್‌ನಲ್ಲಿ ಬೋರ್ಡುಗಳು ಬಂದವು. ಕಂಪನಿಯವರಿಗೆ ರೆಮೆದಿಯೋಸ್‌ನ ಚಿತ್ರ ಎಲ್ಲೂ ಸಿಗದೆ, ಐದು ಎಸಳಿನ ಯಾವುದೋ ಹಳದಿ ಹೂ ಬರೆದು ಕೈತೊಳೆದುಕೊಂಡಿದ್ದರು. ಆ ಓಣಿಯ ಒಂಟಿ ಮನೆಯಲ್ಲಿ ಈಗ ಇರುವವನು ವಿಲೆಮ್ ಎಂಬ ಹಾಲೆಂಡಿನ ಮುದುಕ. ಗಿಡಗಳೆಂದರೆ ಪ್ರಾಣ, ಇಟ್ಟಿಗೆ ದಪ್ಪದ ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡೇ ತಿರುಗುತ್ತಾನೆ. ಬೋರ್ಡು ಹೊಡೆಯುವಾಗ ಅವನೇ ಕೇಳಿದ.

"ಮೇಯರ್ ಸಾಹೇಬ್ರೇ, ಈ ಗಿಡ ನನ್ನ ಪುಸ್ತಕದಲ್ಲಿಲ್ಲ. ಎಲ್ಲಿ ಬೆಳೆಯುತ್ತೆ ತೋರಿಸ್ತೀರಾ?"

ರೆಜಿಸ್ ಒಂದು ಕ್ಷಣವೂ ತಡವರಿಸಲಿಲ್ಲ. ಗೋಡೆಯ ಬುಡದಲ್ಲಿ ಬೆಳೆದಿದ್ದ ಯಾವುದೋ ಕಳೆಯನ್ನು ಬೆರಳು ಮಾಡಿ ತೋರಿಸಿದ. "ಅಗೋ. ನಮ್ಮಜ್ಜಿ ಕೆಮ್ಮಿಗೆ ಇದನ್ನೇ ಕೊಡ್ತಿದ್ಲು."

"ಕೆಮ್ಮಿಗಲ್ಲ, ಲಿವರಿಗೆ," ಎಂದಳು ಆರ್ಮೆಲ್. "ಯುದ್ಧದ ಕಾಲದಲ್ಲಿ ತಿನ್ನೋಕೆ ಏನೂ ಇರಲಿಲ್ಲವಲ್ಲ, ನಮ್ಮಜ್ಜ ಇದರ ಕಷಾಯ ಕುಡಿದೇ ಬದುಕಿದ್ದು. ಅಲ್ವೇನೇ ಓಡಿಲ್?"

"ಹೌದು," ಎಂದಳು ಓಡಿಲ್. "ಅದರಿಂದ ತುಂಬ ಜನ ಬದುಕಿದ್ರು."

ಆದರೆ ಮನೆಗೆ ಬಂದು ಸೂಪಿಗೆ ಈರುಳ್ಳಿ ಹೆಚ್ಚುವಾಗ ಗೆದ್ದ ಸಂತೋಷವೇನೂ ಇರಲಿಲ್ಲ. ಬದುಕಿದ್ದಾಗ ಊರು ರೆಮೆದಿಯೋಸ್‌ಳನ್ನು ಬರೀ ಸ್ಪೇನಿನವಳು ಮಾಡಿತ್ತು. ಸತ್ತ ಮೇಲೆ ತಾನು ಅವಳನ್ನು ಕಳೆ ಮಾಡಿಬಿಟ್ಟೆನಲ್ಲ ಎನ್ನಿಸಿತು. ಅವಳ ವಿಷಯದಲ್ಲಿ ಒಂದು ಸಾಲು ಗೊತ್ತಿರದ ಜನಕ್ಕೆ ಆ ಕಳೆಯ ಬಗ್ಗೆ ಒಂದು ಬೆಳಗ್ಗೆಯಲ್ಲೇ ಇಷ್ಟು ಗೊತ್ತಾಗಿಬಿಟ್ಟಿತ್ತು.

ಎರಡು ವಾರದ ಮೇಲೆ ವಿಲೆಮ್ ಅವಳ ಬಾಗಿಲಿಗೆ ಬಂದ. ಪುಸ್ತಕ ತಂದಿರಲಿಲ್ಲ.

"ಮದಾಂ, ನನ್ನ ಸೊಸೆ ಸ್ಪೇನಿನವಳು. ಬೋರ್ಡಿನ ಫೋಟೋ ಕಳಿಸಿದ್ದೆ. ಫೋನ್ ಮಾಡಿ ನಗ್ತಾಳೆ. ಇದು ಗಿಡ ಅಲ್ಲವಂತೆ, ಹೆಂಗಸಿನ ಹೆಸರಂತೆ. ಅವಳ ಅಜ್ಜಿಯ ಹೆಸರೂ ಅದೇ ಅಂತೆ."

ಓಡಿಲ್ ಅವನನ್ನು ಕೂರಿಸಿ ಕಾಫಿ ಬಗ್ಗಿಸಿಕೊಟ್ಟಳು. ಆಮೇಲೆ ಹೇಳಿದಳು. ಹಂಡೆ, ಒಲೆ, ಕಾಗದ, ಕೆಂಪು ಕೈ, ಎಲ್ಲ. ಬರೆದವರ ಹೆಸರು ಒಂದನ್ನೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

"ಆ ಒಲೆ ಇನ್ನೂ ಇದೆ ನನ್ನ ಮನೆಯಲ್ಲಿ," ಎಂದ ವಿಲೆಮ್. "ಕಿತ್ತು ಹಾಕಿಸೋಣ ಅಂತಿದ್ದೆ."

"ಹಾಕಿಸಬೇಡಿ."

"ಇಲ್ಲ."

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ರೆಜಿಸ್ ಅವನನ್ನು ತಡೆದು ನಿಲ್ಲಿಸಿದ. ಪಕ್ಕದಲ್ಲಿ ಆರ್ಮೆಲ್ ಇದ್ದಳು. ನಾಲ್ಕು ಹೆಜ್ಜೆ ಹಿಂದೆ ಓಡಿಲ್.

"ಏನಪ್ಪಾ ವಿಲೆಮ್, ನಮ್ಮ ಗಿಡ ಸಿಕ್ಕಿತಾ ನಿನ್ನ ಪುಸ್ತಕದಲ್ಲಿ?"

ವಿಲೆಮ್ ಓಡಿಲ್‌ಳತ್ತ ಕತ್ತೆತ್ತಿಯೂ ನೋಡಲಿಲ್ಲ. "ಸಿಕ್ಕಿತು. ನಾನೇ ಸರಿಯಾಗಿ ನೋಡಿರಲಿಲ್ಲ. ನಾನೂರ ಹನ್ನೆರಡನೇ ಪುಟ. ಬಹಳ ಅಪರೂಪದ್ದಂತೆ, ಈ ಕಡೆ ಇನ್ನೆಲ್ಲೂ ಇಲ್ಲವಂತೆ."

"ನಾನು ಹೇಳಲಿಲ್ವಾ?" ಎಂದಳು ಆರ್ಮೆಲ್.

ಅಪರೂಪದ್ದು ಎಂದ ಮೇಲೆ ಮೇಯರ್ ಸುಮ್ಮನಿರುವುದುಂಟೆ? ಸೋಮವಾರವೇ ಊರ ಕಚೇರಿಯ ಬಾಗಿಲಿಗೆ ನೋಟೀಸು ಬಿತ್ತು: ರೆಮೆದಿಯೋಸ್ ಓಣಿಯಲ್ಲಿ ಗೋಡೆಬುಡದ ಗಿಡವನ್ನು ಯಾರೂ ಕೀಳಕೂಡದು, ತುಳಿಯಕೂಡದು, ಮೇಕೆ ಬಿಡಕೂಡದು. ಓಡಿಲ್ ನಿಂತು ಅದನ್ನು ಎರಡು ಸಲ ಓದಿದಳು. ಹೆಸರಿನ ಕಾಗುಣಿತ ಒಂದು ಕಡೆ ತಪ್ಪಿತ್ತು. ಚೀಲದಿಂದ ಪೆನ್ನು ತೆಗೆದು, ಅತ್ತಿತ್ತ ನೋಡದೆ, ಅದನ್ನು ತಿದ್ದಿ ಬ್ರೆಡ್ಡು ತರಲು ಹೋದಳು.