ಚಿನ್ನದ ಬಣ್ಣದ ಬಾಂಡ್ಲಿ

ಅಯ್ಯ, ಇದೆಂಥ ಹೇಸಿಗೆ! ಸುಮಾ ಬೆಳಿಗ್ಗೆ ಗ್ಯಾಲರಿಯ ಬೀಗ ತೆಗೆದು ದೀಪ ಹಾಕಿದರೆ, ನಟ್ಟನಡುವೆ ಕೆಂಪು ವೆಲ್ವೆಟ್ ಬಟ್ಟೆಯ ಮೇಲೆ ಜೈನಾಬಿಯ ಬಾಂಡ್ಲಿ ಕೂತಿತ್ತು. ಒಳಗೂ ಹೊರಗೂ ಚಿನ್ನದ ಬಣ್ಣ ಬಳಿಸಿಕೊಂಡು, ಮದುವೆ ಮಂಟಪದ ಬಾಡಿಗೆ ಕುರ್ಚಿಯಂತೆ ಮಿರಮಿರ ಮಿಂಚುತ್ತಿತ್ತು.

ದಾವಣಗೆರೆಯ ಆ ಪುಟ್ಟ ಗ್ಯಾಲರಿ ಓಣಿಯವರೇ ಕೂಡಿ ನಡೆಸುವಂಥದ್ದು. ಸ್ವಂತದ್ದೆನ್ನುವ ವಸ್ತು ಒಂದೂ ಇಲ್ಲ. ಮನೆಮನೆಯಿಂದ ಎರವಲು ತಂದು ಇಡುವುದು, ಪ್ರದರ್ಶನ ಬದಲಾದಾಗ ತಂದಂತೆಯೇ ಒಪ್ಪಿಸುವುದು. ಅದನ್ನೆಲ್ಲ ನೋಡಿಕೊಳ್ಳುವವಳು ಸುಮಾ. ಮಳೆಗಾಲದಲ್ಲಿ ಭತ್ತ ಒಣಗದೆ ಮಂಡಕ್ಕಿ ಭಟ್ಟಿಗಳು ತಣ್ಣಗಿದ್ದಾಗ ಅವಳೇ ಹೋಗಿ, ಕಾಡಿ ಬೇಡಿ ಈ ಬಾಂಡ್ಲಿ ತಂದಿದ್ದಳು. ಜೈನಾಬಿ ಅದರಲ್ಲಿ ಮರಳು ಕಾಯಿಸಿ ಮಂಡಕ್ಕಿ ಹುರಿದೇ ಮಕ್ಕಳನ್ನು ಸಾಕಿದವಳು. "ನನ್ನ ಕೈಗೆ ಪಳಗಿದ್ದು, ಸುಮವ್ವ. ಹೆಂಗೆ ಕೊಡ್ತೀನೋ ಹಂಗೇ ತಂದ್ಕೊಡು," ಅಂದಿದ್ದಳು. ಮಳೆ ಮುಗಿದು ಇವತ್ತು ಅವಳು ಮತ್ತೆ ಭಟ್ಟಿ ಹಚ್ಚುವ ದಿನ.

ಗ್ಯಾಲರಿ ನಡೆಸುವ ಓಣಿ ಸಂಘದ ಅಧ್ಯಕ್ಷ ಹುಲಿಯಪ್ಪ ಶಾಲು ಸರಿಮಾಡಿಕೊಳ್ಳುತ್ತಾ ಒಳಗೆ ಬಂದ. ಅಂದು ಶುರುವಾಗಲಿದ್ದ ಹೊಸ ಪ್ರದರ್ಶನ ಅವನ ಅಜ್ಜನ ಕುರಿತದ್ದೇ.

"ಹೆಂಗೈತೆ ತಂಗಿ? ನಿನ್ನೆ ಹರಿಹರದಿಂದ ಪೇಂಟರ್ ಕರೆಸಿ ಹೊಡೆಸ್ದೆ. ಬರಗಾಲದಾಗ ನಮ್ಮಜ್ಜ ಊರಿಗೆಲ್ಲ ಗಂಜಿ ಕಾಸಿದ ಪಾತ್ರೆ ಅಂತ ಬೋರ್ಡ್ ಬರೆಸೀನಿ."

"ಇದು ಜೈನಾಬಕ್ಕಂದು ಅಣ್ಣಾರ! ನಿಮ್ಮಜ್ಜ ಇದನ್ನ ಕಣ್ಣಿಂದಾನೂ ನೋಡಿಲ್ಲ!"

"ನಮ್ಮಜ್ಜಂದು ಎಂದೋ ಗುಜರಿಗೆ ಹೋತು. ಏನೋ ಒಂದು ಇಡಬೇಕಲ್ಲ? ಜನಕ್ಕೇನ್ ಗೊತ್ತಾಗ್ತೈತೆ. ಆಯಮ್ಮಂಗೆ ಒಂದು ಹೊಸಾದು ಕೊಡಿಸಿದ್ರಾತು ಬಿಡು."

ಅವನು ಹಲ್ಲು ಕಿಸಿದ.

ಅತಿಥಿಗಳು ಬಂದರು. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಕ್ಕುತ್ತಾ ಅಜ್ಜನ ದಾನಬುದ್ಧಿ ಹೊಗಳಿದರು. ಒಬ್ಬ ಮಹಾನುಭಾವನಂತೂ ಎಣ್ಣೆಗೈಯಲ್ಲೇ ಬಾಂಡ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಲಾ ಇವರ! ಮಂಡಕ್ಕಿ ಬೇಕು, ಹುರಿದವಳ ಹೆಸರು ಬೇಡ. ನಾಚಿಕೆ, ಮಾನ, ಮರ್ಯಾದೆ ಒಂದಾದರೂ ಬೇಡವೇ? ಹುಲಿಯಪ್ಪ ಮೈಕು ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಸುಮಾ ಎದ್ದಳು. ಬಾಂಡ್ಲಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಎಲ್ಲರೆದುರೇ ಹೊರಟಳು.

"ಏ, ಏ, ತಂಗೀ! ಎಲ್ಲಿಗೆ?" ಎಂದು ಅವನು ಮೈಕಿನಲ್ಲೇ ಕೂಗಿದ. ಅವಳು ತಿರುಗಿ ನೋಡದೆ ಆಟೊ ಹತ್ತಿದಳು.

ಜೈನಾಬಿ ಒಲೆ ಹಚ್ಚಿ ಕಾಯುತ್ತಿದ್ದಳು. ತನ್ನದೇ ಬಾಂಡ್ಲಿಯ ಗುರುತು ಅವಳಿಗೆ ಹತ್ತಲಿಲ್ಲ. ಸುಮಾ ನಡೆದದ್ದನ್ನೆಲ್ಲ ಹೇಳಿ, "ಸುಟ್ರೆ ಹೋಗ್ತೈತೆ ಅಕ್ಕ," ಎಂದು ತಾನೇ ಅದನ್ನು ಒಲೆಯ ಮೇಲೇರಿಸಿದಳು. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ಕರಿ ಹೊಗೆ ಕಕ್ಕಿತು. ಓಣಿಯೆಲ್ಲ ಗಬ್ಬುನಾತ. ಇಬ್ಬರೂ ಕೂತು ಕೆರೆದರು, ಉಜ್ಜಿದರು, ಮತ್ತೆ ಕಾಯಿಸಿದರು. ಕೊನೆಗೆ ಮರಳು ಸುರಿದು ಹುರಿದ ಮಂಡಕ್ಕಿಯ ಮೊದಲ ಹಿಡಿಯನ್ನು ಜೈನಾಬಿ ಬಾಯಿಗೆ ಹಾಕಿಕೊಂಡಳು. ಬಣ್ಣದ ನಾತಕ್ಕೆ ಮುಖ ಕಿವುಚಿ ತುಪಕ್ಕನೆ ಉಗಿದಳು.

ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾಂಡ್ಲಿ ಕೆಳಗಿಳಿಸಿ ಸುಮಾಳ ಕಡೆ ತಳ್ಳಿದಳು.

"ಜನ ತಿನ್ನಾದು ಇನ್ನ ಇದರಾಗ ಹುರಿಯಂಗಿಲ್ಲ. ತಗಂಡೋಗವ್ವ. ಕೆಲಸಕ್ಕೆ ಬಾರದ್ದೇ ಅಲ್ಲೇನು ನೀವು ಇಡಾದು? ಈಗ ನಿಮ್ಮ ಗ್ಯಾಲರಿಗೆ ಸರಿಹೋತು."