ಹತ್ತನೆಯ ಕಾಂಡಿ

ಇಚಲಕರಂಜಿಯ ಚೌಕದಿಂದ ಶಹಾಪುರದ ಕಡೆಗೆ ಹೋಗುವ ನಮ್ಮ ರಸ್ತೆಯಲ್ಲಿ ಹಗಲು ಯಾರೂ ಬೀಳುವುದಿಲ್ಲ. ಬೀಳುವುದೆಲ್ಲ ಸಂಜೆ, ಮಗ್ಗದ ಶೆಡ್ಡು ಬಿಟ್ಟ ಮೇಲೆ. ಮಳೆಗೆ ರಸ್ತೆಯ ಅಂಚು ಕಿತ್ತುಹೋಗಿದೆ. ಒಂದು ಮಗ್ಗುಲಿಗೆ ಗಟಾರ ಬಾಯಿ ತೆರೆದು ಕೂತಿದೆ. ಕೊನೆಗೆ ಒಂದು ಸಣ್ಣ ಸೇತುವೆ, ನಮ್ಮ ಕಡೆ ಅದಕ್ಕೆ ಪೂಲು ಅನ್ನುತ್ತೇವೆ. ಅರವತ್ತೆರಡನೇ ಇಸವಿಯ ಶ್ರಾವಣದಲ್ಲಿ ಬಯಾಬಾಯಿ ಬಿದ್ದದ್ದು ಆ ಪೂಲಿನ ಹತ್ತಿರವೇ.

ಬಯಾಬಾಯಿ ದಾದಾಸಾಹೇಬರ ಶೆಡ್ಡಿನಲ್ಲಿ ಕಾಂಡಿ ತುಂಬುವವಳು. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ ನೂಲಿನ ಸುರುಳಿ. ಆ ಕೆಲಸವೆಲ್ಲ ಮಣಿಕಟ್ಟಿನದು. ಬಿದ್ದಾಗ ಉಳುಕಿದ್ದೂ ಮಣಿಕಟ್ಟೇ. ಎಂಟು ದಿನ ಮನೆಯಲ್ಲಿ ಕೂತು, ಒಂಬತ್ತನೆಯ ದಿನ ಬಂದು ಶೆಡ್ಡಿನ ಬಾಗಿಲಲ್ಲೇ ನಿಂತಳು.

"ಮಾಲಕ್ರ, ಇನ್ನ ಮ್ಯಾಲೆ ನಾ ಹೊತ್ತು ಮುಳುಗೂದ್ರಾಗ ಮನೀಗೆ ಹೋಗ್ತೇನ್ರಿ. ಅರ್ಧಾ ಕೂಲಿ ಕೊಡ್ರಿ ಸಾಕು. ಇನ್ನೊಮ್ಮೆ ಬಿದ್ದರ ಈ ಕೈ ಉಳಿಯಂಗಿಲ್ಲ."

ಅರ್ಧ ಕೂಲಿಯಲ್ಲಿ ಮೂರು ಮಕ್ಕಳ ಹೊಟ್ಟೆ ತುಂಬುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಕೇಳಿದ ದಾದಾಸಾಹೇಬರಿಗೂ ಗೊತ್ತಿತ್ತು.

"ಸ್ವಲ್ಪ ತಡಿಯವ್ವಾ. ಅಪ್ಪಾರ ಹೆಸರಲೆ ಚೌಕದಾಗ ದೀಪಾ ಹಾಕಸಾಕತ್ತೇನಿ. ಎಂಥಾ ದೀಪ ಅಂತಿ, ಅರ್ಧಾ ಊರಿಗೆ ಕಾಣತೈತಿ."

ದಾದಾಸಾಹೇಬರ ತಂದೆ ಭೀಮಗೊಂಡರು ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ರಸ್ತೆಗೆ ದೀಪ ಬೇಕೆಂದು ಮಗ ಅರ್ಜಿ ಬರೆದುಕೊಂಡಾಗ ಮುನ್ಸಿಪಾಲ್ಟಿಯವರು ಒಪ್ಪಿದ್ದು ಇಷ್ಟು: ಈ ರಸ್ತೆಗೆ ಐನೂರು ವ್ಯಾಟ್ ತನಕ ಕರೆಂಟಿನ ಖರ್ಚು ತಮ್ಮದು, ದೀಪ, ಕಂಬ ಎರಡೂ ದಾನ ಕೊಡುವವರದು. ದಾದಾಸಾಹೇಬರು ಮೂವತ್ತು ಅಡಿಯ ಕಬ್ಬಿಣದ ಕಂಬ, ಅದರ ತುದಿಗೆ ಐನೂರರ ಒಂದೇ ಬಲ್ಬು, ಬುಡದಲ್ಲಿ ತಂದೆಯ ಹೆಸರಿನ ಕಲ್ಲು ಎಂದು ನಿಶ್ಚಯಿಸಿಬಿಟ್ಟರು. ಅವರು ಕೆಟ್ಟವರಲ್ಲ. ಆದರೆ ಹೆಸರು ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಆಸೆ ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದು ಕಷ್ಟ. ಅದು ಅವರೊಬ್ಬರ ರೋಗವೂ ಅಲ್ಲ.

ಜಾಗ ನೋಡಲು ವೈರಮನ್ ಕೃಷ್ಣಾತ ಬಂದ. ಮಾತು ಕಡಿಮೆ, ಕಣ್ಣು ಚುರುಕು. ಶೆಡ್ಡಿನೊಳಗೆ ಚಹಾ ಕುಡಿಯುತ್ತ ಮೇಲೆ ನೋಡಿದ.

"ಮಾಲಕ, ಎಂಟು ಮಗ್ಗಕ್ಕ ಎಂಟು ದೀಪ ಯಾಕ ಹಾಕೀರಿ? ನಡುವ ಒಂದ ದೊಡ್ಡದು ಬಿಟ್ಟಿದ್ರ ಆಗತಿತ್ತಲ್ಲ."

"ಮೊದಲ ಹಂಗ ಬಿಟ್ಟಿದ್ನೋ. ಮೂಲ್ಯಾಗಿನ ಮಗ್ಗದಾಗ ಎಳಿ ಹರದದ್ದ ಕಾಣಲಿಲ್ಲ. ಬಟ್ಟಿ ಕೆಟ್ಟು ವ್ಯಾಪಾರಿ ಹೊಳ್ಳಿ ಕಳಿಸಿದ. ಬೆಳಕು ಕೆಲಸದ ಮ್ಯಾಲೆ ಬೀಳಬೇಕು. ಅದಕ್ಕ ತಗಡಿನ ಟೊಪಗಿ ಹಾಕಿಸಿ ಕೆಳಗ ಇಳಿಸಿದೆ. ಅರವತ್ತು ವ್ಯಾಟ್ ಸಾಕಾತು."

"ಮತ್ತ ರಸ್ತೇಕ ಯಾಕ ಒಂದ?"

"ರಸ್ತೆ ಬ್ಯಾರೆ, ಮಗ್ಗ ಬ್ಯಾರೆ."

ಕೃಷ್ಣಾತ ವಾದಿಸಲಿಲ್ಲ. "ಆತ್ರಿ. ಒಂದು ಸಂಜೆ ನೋಡೇಬಿಡೂಣ" ಎಂದ. ಮರುದಿನ ಒಂದು ಐನೂರರ ಬಲ್ಬು ತಂದು ಚೌಕದಲ್ಲಿ ಉದ್ದನೆಯ ಬಿದಿರಿಗೆ ಕಟ್ಟಿದ. ಬಯಾಬಾಯಿಯ ಕೈಗೆ ಹತ್ತು ಬಿಳಿ ಕಾಂಡಿ ಕೊಟ್ಟ.

"ನೀ ದಿನಾ ನಡಿಯೂ ದಾರಿಯುದ್ದಕ್ಕೂ ಇವನ್ನ ಚೆಲ್ಲು ಬಯಾಬಾಯಿ. ಮಾಲಕ್ರ ಆರಿಸಲಿ."

ಹೊತ್ತು ಮುಳುಗಿತು, ದೀಪ ಹತ್ತಿತು. ಚೌಕವೆಲ್ಲ ಮದುವೆಯ ಹಂದರದ ಹಾಗೆ ಬೆಳಗಿತು. ದಾದಾಸಾಹೇಬರು ಧೋತರ ಎತ್ತಿಕಟ್ಟಿ ಹೊರಟರು. ಕಂಬದ ಸುತ್ತ ನಾಲ್ಕು ಕಾಂಡಿ ಸಿಕ್ಕವು. ಮುಂದೆ ಹೋದಂತೆ ಅವರ ನೆರಳೇ ಅವರ ಕಾಲ ಮುಂದೆ ಉದ್ದಕ್ಕೆ ಮಲಗಿತು. ಹೊಳ್ಳಿ ನಿಂತರೆ ದೀಪ ನೇರ ಕಣ್ಣಿಗೆ ಕುಕ್ಕಿ, ರಸ್ತೆ ಮೊದಲಿಗಿಂತ ಕಪ್ಪಾಗಿ ಕಂಡಿತು. ಐದನೆಯ ಕಾಂಡಿ ಸಿಗಲಿಲ್ಲ, ಗಟಾರ ಸಿಕ್ಕಿತು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ನಾವು ನಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ವಾರದ ರಜೆಯ ದಿನ ಕೃಷ್ಣಾತ ಮತ್ತೆ ಬಂದ. ಮಗ್ಗಗಳಿಗೆ ಕರೆಂಟು ತರುವ ಆರು ಕಂಬ ರಸ್ತೆಯಲ್ಲಿ ಪೂಲಿನ ತನಕ ಮೊದಲೇ ಇದ್ದವು. ಶೆಡ್ಡಿನಿಂದ ಆರು ದೀಪಗಳನ್ನು ತಗಡಿನ ಟೊಪ್ಪಿಗೆ ಸಮೇತ ಬಿಚ್ಚಿ, ಆ ಕಂಬಗಳಿಗೆ ಕೆಳಮುಖ ಮಾಡಿ ಕಟ್ಟಿದ. ಸಂಜೆ ಬಯಾಬಾಯಿ ಮತ್ತೆ ಹತ್ತು ಕಾಂಡಿ ಚೆಲ್ಲಿದಳು, ದೀಪ ಹತ್ತಿದವು. ಈ ಸಲ ಊರಿಗೆ ಏನೂ ಕಾಣಲಿಲ್ಲ, ಆದರೆ ರಸ್ತೆ ಕಂಡಿತು. ಕಿತ್ತ ಅಂಚು ಕಂಡಿತು, ಗಟಾರವೂ ಕಂಡಿತು. ದಾದಾಸಾಹೇಬರು ಪೂಲಿಗೆ ಬರುವಷ್ಟರಲ್ಲಿ ಉಡಿಯಲ್ಲಿ ಒಂಬತ್ತು ಕಾಂಡಿ ಇದ್ದವು.

"ಇನ್ನೊಂದೆಲ್ಲಿ ಬಯಾಬಾಯಿ?"

"ಅದು ನಮ್ಮ ಗಲ್ಲಿ ಬಾಯಾಗ ಐತ್ರಿ. ನಡಿಯೂ ದಾರಿಯುದ್ದಕ್ಕೂ ಚೆಲ್ಲು ಅಂದಾನಲ್ರಿ ಕೃಷ್ಣಾತ. ನನ್ನ ದಾರಿ ಪೂಲಿಗೆ ಮುಗಿಯಂಗಿಲ್ರಿ."

ಪೂಲಿನ ಆಚೆ ಕತ್ತಲೆ ಹಾಗೇ ಇತ್ತು. ದಾದಾಸಾಹೇಬರ ತಾಯಿ ಚನ್ನವ್ವನೂ ನೋಡಲು ಬಂದಿದ್ದಳು. ಮಗನ ತೋಳು ಹಿಡಿದು ಅವಳೇ ಮಾತು ತೆಗೆದಳು.

"ನಿಮ್ಮಪ್ಪ ದಿನಾ ಸಂಜೀಕ ಕಂದೀಲ ಹಿಡಕೊಂಡು ಈ ಹೆಣ್ಣಮಕ್ಕಳನ್ನ ಕಳಸಾಕ ಬರ್ತಿದ್ರು, ನೆನಪೈತೇನು? ಕಂದೀಲ ಎತ್ತಿ ಹಿಡೀತಿರಲಿಲ್ಲ. ಮೊಣಕಾಲಿನ ಸಮಾ ಹಿಡೀತಿದ್ರು, ಅವರಿಗೆ ಕಾಲ ಇಡೂ ಜಾಗಾ ಕಾಣಲಿ ಅಂತ."

"ನೆನಪೈತಿ ಅವ್ವಾ."

"ಇಲ್ಲೀತನಕ ಬಂದು ಹೊಳ್ಳತಿದ್ರು. ಆ ಗಲ್ಲ್ಯಾಗ ಯಾರ ಮನಿ ಅದಾವ ಅಂತ ನಿನಗೂ ಗೊತ್ತು. ಆಚೆ ಕಾಲಿಟ್ಟರ ಮೈಲಿಗಿ ಅಂತ ಮಂದಿ ಆಡಿಕೊಂಡಾರಂತ ಅವರೂ ಅಂಜಿದ್ರು, ನಾನೂ ಅಂಜಿದ್ದೆ. ಅದು ತಪ್ಪಾತು ಅಂತ ಹಾಸಿಗಿ ಹಿಡದಾಗ ನನ್ನ ಮುಂದ ಅಂದ್ರು. ನಿನ್ನ ಮುಂದ ಹೇಳಾಕ ನಾಚಿಗೀ ಬಂತು ಅವರಿಗೆ."

ದಾದಾಸಾಹೇಬರು ಪೂಲಿನ ಕಟ್ಟೆಯ ಮೇಲೆ ಕೂತುಬಿಟ್ಟರು. ತಂದೆಯ ಹೆಸರಿನ ಕಲ್ಲು ಆಗಲೇ ಕೆತ್ತಿ ತಯಾರಾಗಿತ್ತು. ಅದನ್ನು ಬಿಡುವುದು ಅವರಿಗೆ ನಿಜವಾಗಿಯೂ ನೋವಿನ ಮಾತಾಗಿತ್ತು. ತಲೆ ಎತ್ತಿ ದೀಪಗಳ ಕಡೆ ನೋಡಿ ಕೇಳಿದರು: "ಕೃಷ್ಣಾತ, ಇವು ಆರಕ್ಕೂ ಕೂಡಿ ಕರೆಂಟು ಎಷ್ಟು ಹೋಗತೈತಿ?"

"ಮುನ್ನೂರ ಅರವತ್ತು ವ್ಯಾಟ್. ಐನೂರರಾಗ ನೂರಾ ನಲವತ್ತು ಉಳೀತು. ಇನ್ನ ಎರಡು ದೀಪಾ ಆಚೆ ಹಾಕಬಹುದು. ಆದರ ಅಲ್ಲಿ ಕಂಬ ಇಲ್ಲ."

"ಮೂವತ್ತು ಅಡಿ ಕಬ್ಬಿಣದ ರೊಕ್ಕದಾಗ ಎರಡು ಕಟಗಿ ಕಂಬ ಬರಂಗಿಲ್ಲೇನು?"

"ಬಂದು ಮಿಗತೈತ್ರಿ. ಬಲ್ಬೂ ಇಲ್ಲೇ ಅಂಗಡ್ಯಾಗ ಸಿಗತಾವ. ಒಂದು ಹೋದ್ರ ಏಳು ಉರೀತಾವ. ಆ ಐನೂರರದು ಹೋಗಿದ್ರ, ಕೊಲ್ಲಾಪುರದಿಂದ ಬರೂತನಕ ರಸ್ತೇನ ಕತ್ತಲಿ."

"ಹಂಗಾದ್ರ ಹೊಸಾವ ಎಂಟು ಹಾಕು" ಎಂದು ದಾದಾಸಾಹೇಬರು ಎದ್ದರು. ಪೂಲು ದಾಟಿ, ಕತ್ತಲೆಯಲ್ಲಿ ತಡವರಿಸುತ್ತ, ಗಲ್ಲಿಯ ಬಾಯಿಂದ ಹತ್ತನೆಯ ಕಾಂಡಿಯನ್ನು ತಾವೇ ಆರಿಸಿ ತಂದರು.

ದಸರೆಗೆ ಮೊದಲೇ ಎಂಟೂ ದೀಪ ಹತ್ತಿದವು. ಹೆಸರಿನ ಕಲ್ಲು ಇನ್ನೂ ಶೆಡ್ಡಿನ ಗೋಡೆಗೆ ಆತುಕೊಂಡಿದೆ. ಬಯಾಬಾಯಿ ಈಗ ಪೂರ್ತಿ ಹೊತ್ತು ಕೆಲಸ ಮಾಡುತ್ತಾಳೆ, ಪೂರ್ತಿ ಕೂಲಿ ಒಯ್ಯುತ್ತಾಳೆ. ದೀಪ ಹತ್ತಿದ ಮೊದಲ ಸಂಜೆ ಚನ್ನವ್ವ ಅವಳ ಜೊತೆ ನಡೆದು ಬಂದು, ಗಂಡ ನಿಲ್ಲುತ್ತಿದ್ದ ಹಾಗೆಯೇ ಪೂಲಿನ ಹತ್ತಿರ ನಿಂತಳು. "ಬರ್ರಿ ಆಯಿ, ಇನ್ನ ದಾರಿ ಐತಿ" ಎಂದಳು ಬಯಾಬಾಯಿ. ಚನ್ನವ್ವ ಪೂಲು ದಾಟಿದಳು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಗೂ ಇಂದಲ್ಲ ನಾಳೆ ದೀಪ ಬರುತ್ತದೆ. ಆ ದಿನ ಸಭೆಗೆ ಹೋಗಿರಿ, ಸುಮ್ಮನೆ ಕೂರಬೇಡಿರಿ. ದೀಪ ಎಷ್ಟು ದೊಡ್ಡದು ಎಂದು ಕೇಳುವ ಮೊದಲು ಬೆಳಕು ಎಲ್ಲಿ ಬೀಳುತ್ತದೆ ಎಂದು ಕೇಳಿರಿ. ದಿನಕ್ಕೆಷ್ಟು ಕರೆಂಟು ತಿನ್ನುತ್ತದೆ, ಕೆಟ್ಟರೆ ಬಲ್ಬು ಎಲ್ಲಿ ಸಿಗುತ್ತದೆ ಎಂದೂ ಕೇಳಿರಿ. ರಸ್ತೆ ಅಗಲವಿದ್ದರೆ ಟ್ಯೂಬ್ ಲೈಟಿನ ಮಾತೆತ್ತಿರಿ. ಅದು ಕೊಳ್ಳುವಾಗ ತುಟ್ಟಿ, ಉರಿಯುವಾಗ ಅಗ್ಗ. ಯಾರ ಮಾತನ್ನೂ ನಂಬಬೇಕಾಗಿಲ್ಲ. ಒಂದು ಸಂಜೆ ಹತ್ತು ಕಾಂಡಿ ಚೆಲ್ಲಿ ನೀವೇ ಆರಿಸಿ ನೋಡಿರಿ. ಹತ್ತನೆಯದನ್ನು ಮಾತ್ರ ಮರೆಯದೆ ಆ ದಾರಿಯ ಕಟ್ಟಕಡೆಯ ಮನೆಯ ಮುಂದೆ ಇಡಿರಿ.